ಮುಚ್ಚಳದ ಕೆಳಗಿನ ತಿರುಪಮ್ಮ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ತಿರುಪಮ್ಮ. ತುರುಬು ಕಟ್ಟಿ, ಅದು ಬಿಚ್ಚಿಕೊಳ್ಳದಿರಲೆಂದು ಪಿನ್ನಿನ ಬದಲು ಸಣ್ಣ ಸ್ಕ್ರೂಡ್ರೈವರೊಂದನ್ನು ಸಿಕ್ಕಿಸಿಕೊಂಡು ಬರುವ ಹೆಂಗಸಿಗೆ ಇನ್ನೇನನ್ನುತ್ತಾರೆ ಹೇಳಿ? ಅವಳಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಮನೆಯಲ್ಲಿ ಇಟ್ಟಿದ್ದ ಹೆಸರು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಅವಳು ‘ಮುಟ್ಬೇಡ’.

ಅದಕ್ಕೂ ಕಾರಣವಿತ್ತು. ಮಿಕ್ಸಿ ನಿಂತರೆ "ಮುಟ್ಬೇಡಿ, ನಾನು ನೋಡ್ತೀನಿ." ಟ್ಯೂಬ್‌ಲೈಟ್ ಮಿಣುಕಿದರೆ "ಯಾರೂ ಮುಟ್ಬೇಡಿ." ಅವಳ ಗಂಡನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಎಳ್ಳುಕಾಳಿನಂಥ ತಿರುಪುಗಳನ್ನು ಚಿಮುಟದಲ್ಲಿ ಹಿಡಿದು ಊರವರ ಕನ್ನಡಕ ಸರಿಮಾಡುವ ಆ ಮನುಷ್ಯ, ಮದುವೆಯಾದಾಗಿನಿಂದ ತನ್ನ ಮನೆಯಲ್ಲಿ ಒಂದು ಬಲ್ಬ್ ಕೂಡ ಬದಲಿಸಿದವನಲ್ಲ. ಬಿಟ್ಟರೆ ತಾನೇ! ಕೆಳಗಿನ ಮನೆಯಲ್ಲಿದ್ದ ತಂಗಿಯ ಪಾಡೂ ಅದೇ. ಆಕೆ ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುವವಳು. ಮೆಟ್ಟಿಲು, ಕಿಟಕಿ, ಬಚ್ಚಲು, ಅದರೊಳಗೆ ಬೆಳಕು ಎಲ್ಲಿಂದ ಬೀಳಬೇಕು ಎಂಬುದರವರೆಗೆ ಕಂಪ್ಯೂಟರಿನಲ್ಲಿ ಮಾಡಿ ತೋರಿಸುವಳು. ಹತ್ತು ಮಹಡಿಯ ಕಟ್ಟಡ ನಿಲ್ಲಿಸುವ ಹೆಂಗಸು ಅಕ್ಕನ ಎದುರು ಫ್ಯಾನಿನ ಸ್ವಿಚ್ಚು ಒತ್ತಲು ಹಿಂದೆಮುಂದೆ ನೋಡುತ್ತಿದ್ದಳು.

ತಮಾಷೆಯೆಂದರೆ, ಆಫೀಸಿನಲ್ಲಿ ಇದೇ ತಿರುಪಮ್ಮ ಜೀವಮಾನವಿಡೀ ಜಗಳಾಡಿದ್ದು ಎಲ್ಲರೂ ಮುಟ್ಟಲಿ, ಎಲ್ಲರೂ ಬಿಚ್ಚಲಿ ಎಂದೇ.

ಅವರ ಕಂಪನಿ ಮಾಡುತ್ತಿದ್ದುದು ದೊಡ್ಡ ಲ್ಯಾಪ್‌ಟಾಪುಗಳನ್ನು. ಸೇತುವೆ ಲೆಕ್ಕ ಹಾಕುವವರು, ಸಿನಿಮಾ ಕತ್ತರಿಸಿ ಜೋಡಿಸುವವರು, ಇಂಥವರೇ ಗಿರಾಕಿಗಳು. ತೊಡೆಯ ಮೇಲಿಟ್ಟರೆ ತೊಡೆ ಬೇಯುತ್ತದೆ, ಹೆಗಲಿಗೆ ಹಾಕಿದರೆ ಹೆಗಲು ಜೋತುಬೀಳುತ್ತದೆ. ಅದರ ಚಾರ್ಜರ್ ಒಂದನ್ನೇ ಕಳ್ಳನ ತಲೆಗೆ ಬೀಸಿದರೂ ಸಾಕು, ಅವನು ಏಳುವುದಿಲ್ಲ. ಆ ಯಂತ್ರದೊಳಗೆ ಮೆಮೊರಿ ಎಲ್ಲಿ ಕೂರಬೇಕು, ಎಷ್ಟು ಕೂರಬೇಕು, ಬಿಸಿಯಾದರೆ ಗಾಳಿ ಎಲ್ಲಿಂದ ಬರಬೇಕು ಎನ್ನುವುದೆಲ್ಲ ತಿರುಪಮ್ಮನ ಇಲಾಖೆ. ಹಳೆಯ ಮಾದರಿಗಳಲ್ಲಿ ಮೆಮೊರಿ ಪಟ್ಟಿ ಸಿಕ್ಕಿಸುವ ಎರಡು ಸ್ಲಾಟು ಹೊಟ್ಟೆಯ ಕಡೆ, ಇನ್ನೆರಡು ಕೀಬೋರ್ಡಿನ ಅಡಿಯಲ್ಲಿ. ಒಂದು ಪಟ್ಟಿ ಸೇರಿಸಬೇಕೆಂದರೆ ಇಡೀ ಕೀಬೋರ್ಡನ್ನೇ ಕಿತ್ತು ಎತ್ತಬೇಕಿತ್ತು. "ಯಾವ ಪುಣ್ಯಾತ್ಮ ಇಟ್ಟಿದ್ದು ಇದನ್ನ ಇಲ್ಲಿ?" ಎಂದು ಕೂಗಾಡಿ, ಪಟ್ಟು ಹಿಡಿದು, ನಾಲ್ಕನ್ನೂ ಕೆಳಗಡೆ ಒಂದೇ ಮುಚ್ಚಳದಡಿಗೆ ತಂದವಳು ಅವಳು. ಎರಡು ತಿರುಪು ಬಿಚ್ಚಿದರೆ ಮುಚ್ಚಳ ಕೈಗೆ ಬರುತ್ತದೆ. ತಪ್ಪಾದರೆ ತನ್ನಷ್ಟಕ್ಕೆ ತಿದ್ದಿಕೊಳ್ಳುವ ದುಬಾರಿ ಮೆಮೊರಿ ಬೇಕಾದವರು ಅದನ್ನೂ ತಾವೇ ಹಾಕಿಕೊಳ್ಳಬಹುದು. ಈ ಕೊನೆಯದನ್ನು ಮನೆಯಲ್ಲಿ ವಿವರಿಸಿದಾಗ ಗಂಡ, "ತಪ್ಪಾದ್ರೆ ತಾನೇ ತಿದ್ಕೊಳತ್ತಾ? ಮನುಷ್ಯರಿಗೂ ಹಾಕೋಕೆ ಬರುತ್ತಾ ಅದು?" ಎಂದು ಕೇಳಿ, ಕಾಫಿ ಲೋಟ ತೆಗೆದುಕೊಂಡು ಜಾಗ ಖಾಲಿಮಾಡಿದ್ದ.

ಯಂತ್ರದೊಳಗಿನ ಬೋರ್ಡುಗಳ ನಕ್ಷೆ ಬರೆಯುವವರಿಗೆ ಒಂದು ಹುಚ್ಚಿದೆ. ಬಿಡಿಭಾಗಗಳ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬಿಳಿ ಮಸಿಯಲ್ಲಿ ಮುದ್ರಿಸುತ್ತಾರಲ್ಲ, ಅದರ ನಡುವೆ ಯಾವುದೋ ಮೂಲೆಯಲ್ಲಿ ಕದ್ದು ಒಂದು ಬೆಕ್ಕನ್ನೋ ಲೋಟವನ್ನೋ ಬರೆದಿಡುತ್ತಾರೆ. ಮೇಲಿನವರಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ನೋಡದ ಹಾಗಿರುತ್ತಾರೆ. ನಾಲ್ಕು ಸ್ಲಾಟಿನ ಬೋರ್ಡು ತಯಾರಾದಾಗ ನಕ್ಷೆಯವನು ತಿರುಪಮ್ಮನದೇ ಮುಖವನ್ನು ಸ್ಲಾಟುಗಳ ಪಕ್ಕ ಬರೆದ: ಕನ್ನಡಕ, ತುರುಬು, ತುರುಬಿನಲ್ಲಿ ಸ್ಕ್ರೂಡ್ರೈವರ್. ಮುಚ್ಚಳ ತೆಗೆದವರಿಗೆ ಮೊದಲು ಕಾಣುವುದೇ ಅದು. "ನಗ್ತಾ ಇರೋ ಹಾಗೆ ಬರಿ, ಬಂದವರಿಗೆ ಬನ್ನಿ ಅಂದ ಹಾಗಿರ್ಲಿ" ಎಂದು ಅವಳೇ ಹೇಳಿದ್ದಳು. ಆದರೆ ಬಟಾಣಿ ಗಾತ್ರದ ಮುಖದಲ್ಲಿ ಅಷ್ಟು ಸಣ್ಣ ಡೊಂಕನ್ನು ಮುದ್ರಿಸಲು ಆ ಮಸಿಗೆ ಸಾಧ್ಯವಾಗಲಿಲ್ಲ. ಬಾಯಿ ಒಂದು ನೇರ ಗೆರೆಯಾಗಿ ಬಂತು. ಹೋಗಲಿ ಬಿಡು ಎಂದುಕೊಂಡು, ಯಾರಾದರೂ ಒಬ್ಬರು ‘ಒಳಗೆ ಯಾರದೋ ಮುಖ ಇದೆಯಲ್ಲಾ’ ಎಂದು ಕಂಪನಿಗೆ ಬರೆದಾರು ಎಂದು ಅವಳು ಕಾದಳು. ವರ್ಷಗಳು ಹೋದವು. ಒಬ್ಬರೂ ಬರೆಯಲಿಲ್ಲ.

ಅಷ್ಟರಲ್ಲಿ ತೆಳುವಪ್ಪ ಬಂದ. ಹೊಸ ಮೇಲಧಿಕಾರಿ. ಲ್ಯಾಪ್‌ಟಾಪು ತೆಳ್ಳಗಾಗಬೇಕು, ಇನ್ನೂ ತೆಳ್ಳಗಾಗಬೇಕು ಎಂದು ಹಗಲೆಲ್ಲ ಜಪಿಸುತ್ತಿದ್ದ. ತಾನು ಮಾತ್ರ ನಿಂತರೆ ತನ್ನ ಬೂಟು ತನಗೇ ಕಾಣದಷ್ಟು ಹೊಟ್ಟೆ. ಮುಂದಿನ ಮಾದರಿಯಲ್ಲಿ ಸ್ಲಾಟುಗಳೇ ಬೇಡ, ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿಬಿಡೋಣ ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ತಿರುಪಮ್ಮನಿಗೆ ಹೊಟ್ಟೆ ಉರಿದದ್ದೂ ಅದಕ್ಕೇ. ಬೆಸುಗೆ ಹಾಕಿದರೆ ಮಾಹಿತಿ ಓಡುವ ದಾರಿ ಹತ್ತಿರವಾಗುತ್ತದೆ, ಮೆಮೊರಿ ಚುರುಕಾಗುತ್ತದೆ, ಬ್ಯಾಟರಿ ಉಳಿಯುತ್ತದೆ, ದಪ್ಪವೂ ಇಳಿಯುತ್ತದೆ. ನಾಲ್ಕು ಪಟ್ಟಿ ತುಂಬಿದರೆ ಯಂತ್ರ ಸ್ವಲ್ಪ ನಿಧಾನವಾಗುವುದೂ ನಿಜ. ಆದರೆ ಬೆಸುಗೆ ಹಾಕಿದ ಮೆಮೊರಿ ಕೊಂಡ ದಿನ ಎಷ್ಟಿತ್ತೋ ಸಾಯುವ ದಿನವೂ ಅಷ್ಟೇ. ಒಂದು ಚಿಪ್ ಕೆಟ್ಟರೆ ಇಡೀ ಬೋರ್ಡು ಕಸದ ಬುಟ್ಟಿಗೆ.

"ಎಲ್ಲಾ ಸರಿ ಮೇಡಂ," ಎಂದ ತೆಳುವಪ್ಪ ತುಂಬಿದ ಮೀಟಿಂಗಿನಲ್ಲಿ. "ಆದ್ರೆ ಯಾರು ಬಿಚ್ತಾರೆ ಹೇಳಿ? ಒಬ್ಬೇ ಒಬ್ಬ ಗಿರಾಕೀನ ತೋರ್ಸಿ. ಇಂಜಿನಿಯರ್ ಆಗಿರಬಾರದು, ಅಂಗಡಿಯವನಿಗೆ ಕೊಟ್ಟಿರಬಾರದು. ತಾವೇ ಕೂತು, ಕೈಯಾರೆ ಬಿಚ್ಚಿ ಮೆಮೊರಿ ಹಾಕ್ಕೊಂಡಿರ್ಬೇಕು. ಸೋಮವಾರ ಕರ್ಕೊಂಡ್ ಬನ್ನಿ, ನಿಮ್ಮ ಸ್ಲಾಟು ಉಳೀತು. ಇಲ್ಲಾಂದ್ರೆ ಬೆಸುಗೆ."

ಎಲ್ಲರೂ ನಕ್ಕರು. ತಿರುಪಮ್ಮನಿಗೆ ನಗು ಬರಲಿಲ್ಲ, ಭಯವಾಯಿತು. ಕೆಲಸ ಹೋಗುವ ಭಯವಲ್ಲ. ಇಷ್ಟು ವರ್ಷ ಬಡಿದಾಡಿ ಉಳಿಸಿದ್ದು ಯಾರಿಗೂ ಬೇಡವಾಗಿತ್ತೇನೋ ಎಂಬ ಭಯ.

ಹಳೆಯ ಗಿರಾಕಿಗಳಿಗೆಲ್ಲ ಫೋನು ಹಚ್ಚಿದಳು. ಸೇತುವೆಯವನು "ಅಂಗಡೀಲಿ ಮಾಡಿಸ್ದೆ" ಎಂದ. ಸಿನಿಮಾದವಳು "ನಿಧಾನ ಆಯ್ತು, ಹೊಸದೇ ತಗೊಂಡೆ" ಎಂದಳು. ಮೂರನೆಯವನಂತೂ "ಅಯ್ಯೋ, ಅದು ಬಿಚ್ಚೋಕೆ ಬರುತ್ತಾ?" ಎಂದು ಕೇಳಿ ಅವಳ ಜೀವವನ್ನೇ ಹಿಂಡಿದ.

ಭಾನುವಾರ ಬೆಳಗ್ಗೆ ಅವಳಿಗೆ ಒಂದು ದುರ್ಬುದ್ಧಿ ಹೊಳೆಯಿತು. ತಂಗಿಯ ಬಳಿ ಇದ್ದದ್ದು ಅದೇ ನಾಲ್ಕು ಸ್ಲಾಟಿನ ಯಂತ್ರ, ತಾನೇ ಕೊಡಿಸಿದ್ದು. ಇವತ್ತು ಅವಳ ಕೈಯಲ್ಲಿ ಒಂದು ಸಲ ಬಿಚ್ಚಿಸಿ, ಒಂದು ಪಟ್ಟಿ ಹಾಕಿಸಿ, ನಾಳೆ ಕರೆದುಕೊಂಡು ಹೋದರೆ? ಯಾವಾಗ ಬಿಚ್ಚಿದಳು ಎಂದು ತೆಳುವಪ್ಪ ಕೇಳಿಲ್ಲವಲ್ಲ. ಮೋಸವೇ, ಆದರೂ ಇರಲಿ ಎಂದುಕೊಂಡು ಮೆಟ್ಟಿಲಿಳಿದಳು. ತಂಗಿಯ ಮನೆ ಬಾಗಿಲ ಪಕ್ಕದ ಕಾಲಿಂಗ್ ಬೆಲ್ಲಿನ ಮುಚ್ಚಳ ಎಂದಿನಂತೆ ಟೇಪಿನಲ್ಲಿ ನೇತಾಡುತ್ತಿತ್ತು. ಅದರ ತಿರುಪು ಕಳೆದು ಬಹಳ ಕಾಲವಾಗಿತ್ತು. ಅದೇ ಅಳತೆಯ ತಿರುಪು ಸಿಗುವವರೆಗೆ ಕಂಡಕಂಡದ್ದನ್ನು ಹಾಕಕೂಡದು, ಯಾರೂ ಮುಟ್ಟಲೂ ಕೂಡದು ಎಂದು ಅವಳೇ ಟೇಪು ಅಂಟಿಸಿದ್ದಳು.

ಒಳಗೆ ತಂಗಿಯೂ ತಿರುಪಮ್ಮನ ಗಂಡನೂ ಕಾಫಿ ಕುಡಿಯುತ್ತಿದ್ದರು. ಅಕ್ಕನನ್ನು ಕಂಡದ್ದೇ ತಂಗಿ ಲ್ಯಾಪ್‌ಟಾಪಿನ ಅಡಿಗೆ ಸರಕ್ಕನೆ ಟವೆಲ್ ತಳ್ಳಿದಳು.

"ಎಷ್ಟು ಸಲ ಹೇಳೋದು, ಬಟ್ಟೆ ಹಾಕಿದ್ರೆ ಗಾಳಿ ಕಟ್ಟುತ್ತೆ ಅಂತ! ಇರ್ಲಿ, ತಗೊಂಡ್ ಬಾ ಇಲ್ಲಿ. ಇವತ್ತು ನೀನೇ ಅದರ ಮುಚ್ಚಳ ಬಿಚ್ಚಬೇಕು."

ತಂಗಿಯ ಮುಖ ಬಿಳಿಚಿತು. "ನಾನಾ? ನಾನು ಮುಟ್ಟಲ್ಲಪ್ಪ. ಯಾಕೆ? ಏನಾಯ್ತು?"

"ಏನೂ ಆಗಿಲ್ಲ ಕಣೇ, ಎರಡು ತಿರುಪು ತಾನೇ."

"ಬೇಡ ಅಕ್ಕಾ. ಇವತ್ತು ಬೇಡ. ಭಾವ, ನೀವಾದ್ರೂ ಹೇಳಿ."

ಭಾವ ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತಿದ್ದ.

ತಿರುಪಮ್ಮನಿಗೆ ತಾಳ್ಮೆ ಎಂದಿಗೂ ಇರಲಿಲ್ಲ. ತಾನೇ ಎತ್ತಿ ಬೋರಲು ಹಾಕಿದಳು. ಒಂದು ತಿರುಪು ಸರಿಯಾಗಿತ್ತು. ಇನ್ನೊಂದು ಹಿತ್ತಾಳೆ ಬಣ್ಣದ್ದು, ಡೊಣ್ಣೆತಲೆಯದ್ದು, ಅರ್ಧಕ್ಕೇ ನಿಂತು ವಾರೆಯಾಗಿ ಇಣುಕುತ್ತಿತ್ತು.

"ಯಾರು ಇದನ್ನ ಬಿಚ್ಚಿದ್ದು?"

ಆ ಗುಡುಗಿಗೆ ಮೇಜಿನ ಮೇಲಿದ್ದ ಚಮಚ ಅಲುಗಿತೆಂದರೆ ಸುಳ್ಳಲ್ಲ. ತಂಗಿ ಟವೆಲ್ಲನ್ನು ಮಡಚತೊಡಗಿದಳು.

"ಅಂಗಡಿಗೆ ಕೊಟ್ಯಾ? ಯಾವ ದರಿದ್ರದವನು ಹಾಕಿದ್ದು ಈ ತಿರುಪನ್ನ?"

"ಅಂಗಡಿಗೆ ಕೊಟ್ಟಿಲ್ಲ," ಎಂದಳು ತಂಗಿ, ಅಳುವ ದನಿಯಲ್ಲಿ. "ನಾನೇ ಬಿಚ್ಚಿದ್ದು. ಬೈಯ್ಯೋದಾದ್ರೆ ಒಂದೇ ಸಲ ಬೈದುಬಿಡು. ಆ ದೊಡ್ಡ ಆಸ್ಪತ್ರೆ ಕೆಲಸ ಬಂದಿತ್ತಲ್ಲ, ನಕ್ಷೆ ತೆರೆದ್ರೆ ಸಾಕು, ನಿಂತುಬಿಡೋದು. ನಿನ್ನ ಕೇಳಿದ್ರೆ ಮುಟ್ಬೇಡ ಅಂತೀಯ, ವಾರಗಟ್ಲೆ ನಿಂಗೂ ಪುರುಸೊತ್ತಿರಲ್ಲ. ನಾನೇ ಎರಡು ಪಟ್ಟಿ ತರಿಸಿ, ಭಾವನ ಹತ್ರ ಸ್ಕ್ರೂಡ್ರೈವರ್ ಇಸ್ಕೊಂಡು ಹಾಕಿದೆ."

"ನಾನು ಕೊಟ್ಟಿದ್ದು ಸ್ಕ್ರೂಡ್ರೈವರ್ ಮಾತ್ರ," ಎಂದ ಗಂಡ ತರಾತುರಿಯಲ್ಲಿ.

"ಮತ್ತೆ ಬೆಲ್ಲಿನ ತಿರುಪು?" ಎಂದಳು ತಂಗಿ. ಇನ್ನು ಮುಳುಗುವುದಾದರೆ ಇಬ್ಬರೂ ಮುಳುಗಲಿ ಎಂದು ನಿಶ್ಚಯಿಸಿದಂತಿತ್ತು.

"ಹೂಂ... ಅದನ್ನೂ ಕೊಟ್ಟೆ."

"ಇದರ ತಿರುಪು ಏನಾಯ್ತು?"

"ಕೈಯಿಂದ ಹಾರಿಹೋಯ್ತು! ಹಾರದೆ ಇನ್ನೇನು? ಮುಚ್ಚಳ ತೆಗೆದ್ರೆ ಒಳಗೆ ನೀನೇ ಕೂತಿದ್ದೀಯಲ್ಲೇ ಅಕ್ಕಾ! ಕನ್ನಡಕ ಹಾಕ್ಕೊಂಡು, ಬಾಯಿ ಬಿಗಿ ಹಿಡ್ಕೊಂಡು, ನನ್ನನ್ನೇ ನೋಡ್ತಾ! ಜೀವ ಬಾಯಿಗೆ ಬಂತು. ಯಾರು ಬಿಚ್ಚಿದ್ರೂ ತನಗೆ ಗೊತ್ತಾಗ್ಲಿ ಅಂತ ಅಕ್ಕ ಇದರೊಳಗೂ ಏನೋ ಇಟ್ಟಿದ್ದಾಳೆ ಅಂದ್ಕೊಂಡೆ. ಗಡಿಬಿಡೀಲಿ ಪಟ್ಟಿ ಹಾಕಿ ಮುಚ್ಚಿಬಿಟ್ಟೆ. ಅವತ್ತಿಂದ ಈ ಟವೆಲ್ಲು."

ಗಂಡನಿಗೆ ನಗು ತಡೆಯಲಾಗದೆ ಕಾಫಿ ಮೂಗಿಗೆ ಹತ್ತಿತು. ತಿರುಪಮ್ಮ ಬೆಪ್ಪಾಗಿ ಕೂತುಬಿಟ್ಟಳು. ಜಗತ್ತಿನಲ್ಲಿ ಒಬ್ಬರಾದರೂ ಮುಚ್ಚಳ ತೆಗೆದಾರೆಂದು ವರ್ಷಗಟ್ಟಲೆ ಕಾದಿದ್ದಳು. ತೆಗೆದವಳು ತನ್ನ ಕಾಲ ಕೆಳಗಿನ ಮನೆಯಲ್ಲೇ ಇದ್ದಳು, ಮತ್ತು ತನಗೆ ಹೆದರಿ ಬಚ್ಚಿಟ್ಟಿದ್ದಳು. ಹೆಮ್ಮೆಯಾಯಿತು. ಅದರ ಬೆನ್ನಿಗೇ ಎಂಥದೋ ನಾಚಿಕೆಯಾಯಿತು. ಈಗಲೂ ತಾನು ಮೊದಲು ಕೇಳಿದ್ದು ‘ಯಾರು ಬಿಚ್ಚಿದ್ದು’ ಎಂದಲ್ಲವೇ, ಅದೂ ಆ ದನಿಯಲ್ಲಿ?

"ಕೆಲಸ ಮಾಡ್ತಾ ಪಟ್ಟಿ?" ಎಂದಳು ಕೊನೆಗೆ.

"ಹಾಕಿದ ತಕ್ಷಣ. ಆಸ್ಪತ್ರೆ ಇಡೀ ಒಂದೇ ಉಸಿರಿಗೆ ತೆರೀತು."

"ನಾಳೆ ನನ್ ಜೊತೆ ಆಫೀಸಿಗೆ ಬರ್ಬೇಕು ನೀನು."

"ಅಲ್ಲೂ ಬೈಸ್ತೀಯಾ?" ಎಂದಳು ತಂಗಿ.

ಸೋಮವಾರ ತೆಳುವಪ್ಪ ಮೊದಲು ಒಪ್ಪಲೇ ಇಲ್ಲ. "ಇದೇನು ಮೇಡಂ, ನಿಮ್ಮ ತಂಗೀನೇ ಕರ್ಕೊಂಡ್ ಬಂದಿದೀರಿ. ನೀವೇ ಹೇಳ್ಕೊಟ್ಟು ಬಿಚ್ಚಿಸಿರ್ತೀರಿ."

ತಿರುಪಮ್ಮ ಹಿಂದಿನ ದಿನದ ದುರ್ಬುದ್ಧಿ ನೆನಪಾಗಿ ಒಂದು ಕ್ಷಣ ಕೆಮ್ಮಿದಳು. ಆಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿ ಆ ಡೊಣ್ಣೆತಲೆಯ ತಿರುಪು ತೋರಿಸಿದಳು. "ನೋಡಿ ಸಾರ್. ನಾನು ಹೇಳ್ಕೊಟ್ಟಿದ್ರೆ ಇದನ್ನ ಹಾಕೋಕೆ ಬಿಡ್ತಿದ್ನಾ? ಯಾವ ಅಂಗಡಿಯವನಾದ್ರೂ ಬೆಲ್ಲಿನ ತಿರುಪು ಹಾಕ್ತಾನಾ?"

ತೆಳುವಪ್ಪ ಬಗ್ಗಿ ನೋಡಿದ. ತಿರುಪಮ್ಮನನ್ನು ಬಲ್ಲ ಯಾರಿಗೂ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ತಂಗಿಯ ಕಡೆ ತಿರುಗಿ, "ನಿಮಗೆ ಭಯ ಆಗ್ಲಿಲ್ವಾ ತಾಯಿ?" ಎಂದು ಕೇಳಿದ.

"ಬಿಚ್ಚೋಕೆ ಏನೂ ಭಯ ಆಗ್ಲಿಲ್ಲ ಸಾರ್, ಎರಡೇ ತಿರುಪು," ಎಂದಳು ತಂಗಿ. "ಇವಳಿಗೆ ಹೇಳೋಕೆ ಭಯ ಆಯ್ತು."

ಇಡೀ ಕೋಣೆ ಗೊಳ್ಳೆಂದಿತು. ತೆಳುವಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಡಿಯಲು ಅಲ್ಲಿ ಬೇಕಾದಷ್ಟಿತ್ತು. ತಿರುಪಮ್ಮನೊಬ್ಬಳು ನಗಲಿಲ್ಲ. ಅವಳಿಗೆ ಆ ಮಾತು ನಾಟಿತ್ತು. ಸ್ಲಾಟುಗಳು ಉಳಿದವು. ತೆಗೆದರೂ ಮುಚ್ಚಳದಲ್ಲೇ ಉಳಿಯುವ, ಹಾರಿಹೋಗದ ತಿರುಪುಗಳನ್ನೂ ಈ ಸಲ ಕೊಡಲೇಬೇಕೆಂದು ಅವಳು ಹಟಮಾಡಿ ಪಡೆದಳು. ತೆಳ್ಳಗಾಗಬೇಕಿದ್ದ ದಪ್ಪವನ್ನು ಬೇರೆಲ್ಲಾದರೂ ಕೊಯ್ಯಬೇಕೆಂದಾಗ ಬ್ಯಾಟರಿ ವಿಭಾಗದವರ ಮುಖ ಸಪ್ಪಗಾಯಿತು.

ಸಂಜೆ ತಂಗಿಯ ಮನೆ ಬಾಗಿಲಲ್ಲಿ ಅವಳು ಲ್ಯಾಪ್‌ಟಾಪಿನಿಂದ ಬಿಚ್ಚಿ ತಂದಿದ್ದ ಆ ಡೊಣ್ಣೆತಲೆಯ ತಿರುಪನ್ನು ಪರ್ಸಿನಿಂದ ತೆಗೆದಳು. ಬೆಲ್ಲಿನ ಟೇಪು ಕಿತ್ತಳು. ತುರುಬಿನಿಂದ ಸ್ಕ್ರೂಡ್ರೈವರ್ ಎಳೆದದ್ದೇ ಕೂದಲು ಹೆಗಲ ಮೇಲೆ ಬಿತ್ತು. ಅಂಗಡಿ ಮುಚ್ಚಿ ಆಗತಾನೇ ಬಂದ ಗಂಡ ಎಂದಿನ ಅಭ್ಯಾಸದಂತೆ ಪಕ್ಕಕ್ಕೆ ಸರಿದು ದಾರಿಬಿಟ್ಟ.

"ತಗೊಳ್ಳಿ," ಎಂದು ಅವಳು ಸ್ಕ್ರೂಡ್ರೈವರನ್ನು ಅವನ ಕೈಗಿಟ್ಟಳು. "ನೀವೇ ಹಾಕಿ."

ಅವನು ಒಮ್ಮೆ ಸ್ಕ್ರೂಡ್ರೈವರನ್ನೂ ಒಮ್ಮೆ ಅವಳನ್ನೂ ನೋಡಿದ. "ನಾನಾ? ಹುಷಾರಾಗಿದ್ದೀಯ ತಾನೇ?"

"ಹಾಕಿ ಅಂದ್ರೆ ಹಾಕಿ!"

ಅವನು ಬಗ್ಗಿ ತಿರುಪನ್ನು ಇಟ್ಟು ತಿರುಗಿಸತೊಡಗಿದ. ಬೇಕೆಂದೇ ನಿಧಾನವಾಗಿ, ಬೇಕೆಂದೇ ಒಂದಿಷ್ಟು ವಾರೆಯಾಗಿ. ತಿರುಪಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಇರುಕಿಕೊಂಡು, ಬರುತ್ತಿದ್ದ ಮಾತನ್ನೆಲ್ಲ ನುಂಗಿ, ಬಾಯಿ ಬಿಗಿಹಿಡಿದು ನಿಂತಳು. ಕಿಟಕಿಯಲ್ಲಿ ಇಣುಕಿದ ತಂಗಿ ಅವಳ ಮುಖ ನೋಡಿ ಕಿಸಕ್ಕನೆ ನಕ್ಕಳು. "ಭಾವ, ನೋಡಿ, ನೋಡಿ! ಹಿಂಗೇ ಕೂತಿದ್ಲು ಒಳಗೆ!"

ಗಂಡ ತಿರುಪನ್ನು ನೇರಮಾಡಿ ಬಿಗಿದು, ಬೆಲ್ಲು ಒತ್ತಿದ. ಅದು ಟ್ರಿಣ್ ಎಂದಿತು. ತಿರುಪಮ್ಮ ತಡೆಯಲಾರದೆ ನಕ್ಕುಬಿಟ್ಟಳು. ಆಮೇಲೆ, ತಿರುಪು ಬಿಗಿಯಾಗಿದೆಯೇ ಎಂದು ಒಂದು ಸಲ ಬೆರಳಿಟ್ಟು ನೋಡಲು ಕೈ ಚಾಚಿದಳು.

"ಮುಟ್ಬೇಡ," ಎಂದರು ಇಬ್ಬರೂ.