ಚಾವಡಿಯ ಒಳಗೋಡೆ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಎದುರು ಕಟ್ಟಡದ ತಾರಸಿಯ ಮೇಲೆ ಸುಣ್ಣ ಕುದಿಯುತ್ತಿತ್ತು. ಅದಕ್ಕೆ ಒಲೆ ಬೇಡ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ತಾನಾಗಿಯೇ ಕುದಿಯುತ್ತದೆ, ನಿಮಗೆ ಗೊತ್ತಿರಬಹುದು. ಅಲ್ಲಿ ಮೇಲಿನ ಕೋಣೆಯಲ್ಲಿ ಯಾದಗಿರಿ ಕಡೆಯ ನಾಲ್ಕು ಜನ ಬಾಡಿಗೆಗಿದ್ದಾರೆ, ಕಟ್ಟಡ ಕೆಲಸದವರು. ಬೇಸಿಗೆಗೆ ತಾರಸಿ ಕಾದು ರೊಟ್ಟಿ ಹಂಚಿನಂತಾಗುತ್ತದೆಂದು ಸುಣ್ಣ ಬಳಿಯಲು ಹೊರಟಿದ್ದರು. ಮೂಗಿನೊಳಗೆ ಚುರುಕು ಮುಟ್ಟಿಸುವ ಆ ವಾಸನೆ ನಮ್ಮ ಕಿಟಕಿಗೂ ಬಂತು. ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನಮ್ಮಪ್ಪ ತಲೆಯೆತ್ತಿ, "ನೀರು ಒಂದೇ ಸಲ ಸುರೀಬ್ಯಾಡ್ರಪ್ಪ, ಸುಣ್ಣ ಸತ್ತೋಯ್ತದೆ" ಎಂದು ಕೂಗಿದ. ಮೇಲಿನಿಂದ ಒಬ್ಬ, "ಆತು ಬಿಡ್ರಿ ಅಜ್ಜಾರ, ನೀವ ಬರ್ರಿ ಮ್ಯಾಲೆ" ಎಂದು ನಕ್ಕ. ನಾನು ಎದ್ದು ಕಿಟಕಿ ಹಾಕಿದೆ. ಧೂಳು ಬರುತ್ತದೆಂದು ಹಾಕಿದೆನೆಂದು ನನ್ನ ಹೆಂಡತಿ ತಿಳಿದಳು. ನಾನೂ ಹೌದೆಂದೆ.

ನಮ್ಮದು ವರ್ತೂರು ಕೆರೆಯ ಆಚೆ ದಂಡೆಯ ಹಳ್ಳಿ. ಈಗ ಹಳ್ಳಿ ಎಂದರೆ ಆಟೋದವನೂ ನಗುತ್ತಾನೆ. ಮೂರು ದಿಕ್ಕಿಗೆ ಅಪಾರ್ಟ್‌ಮೆಂಟುಗಳು, ನಾಲ್ಕನೆಯ ದಿಕ್ಕಿಗೆ ನೊರೆ ಕಾರುವ ಕೆರೆ. ಅದರ ನಡುವೆ ಏಳು ವರ್ಷದ ಹಿಂದಿನವರೆಗೆ ಒಂದು ಹಳೆಯ ಚಾವಡಿ ಇತ್ತು. ಸೊಂಟದೆತ್ತರದ ಕಲ್ಲಿನ ಜಗಲಿ, ಎರಡು ಕಲ್ಲುಕಂಬ, ಒಂದೂವರೆ ಮೊಳ ದಪ್ಪದ ಗೋಡೆ, ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ. ಗಾರೆ ಎಂದರೆ ಸುಣ್ಣ, ಮರಳು ಸೇರಿಸಿ ಎತ್ತಿನ ಗಾಣದಲ್ಲಿ ಅರೆದದ್ದು. ಸಿಮೆಂಟು ಬರುವುದಕ್ಕೆ ಮುಂಚಿನ ಸಿಮೆಂಟು. ಹಿಂದೆ ಪಟೇಲರು ಅಲ್ಲಿ ಕೂತು ಕಂದಾಯ ವಸೂಲಿ ಮಾಡುತ್ತಿದ್ದರಂತೆ. ನಾನು ಕಂಡಾಗ ಅದು ಸ್ವಲ್ಪ ಕಾಲ ಹಾಲಿನ ಡೈರಿ, ಸ್ವಲ್ಪ ಕಾಲ ಸೊಸೈಟಿ ಅಂಗಡಿ, ಆಮೇಲೆ ಕೇರಂ ಆಡುವವರದು, ಕೊನೆಗೆ ಬಾವಲಿಗಳದು.

ನಮ್ಮ ಜಾತಿಯವರು ಆ ಜಗಲಿ ಹತ್ತುವಂತಿರಲಿಲ್ಲ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಹತ್ತಬೇಡಿ ಎನ್ನುವವರು ಯಾರೂ ಉಳಿದಿರಲಿಲ್ಲ. ಆದರೂ ನಮ್ಮ ಕೇರಿಯವರು ಹತ್ತುತ್ತಿರಲಿಲ್ಲ. ಸೊಸೈಟಿ ಅಕ್ಕಿಗೆ ಹೋದರೆ ಅಪ್ಪ ಚಪ್ಪಲಿಯನ್ನು ಅಂಗಳದ ಅಂಚಿಗೇ ಬಿಟ್ಟು, ಕೆಳಗೆ ನಿಂತು, ಚೀಲದ ಬಾಯಿ ಅಗಲಿಸಿ ಮೇಲಕ್ಕೆತ್ತಿ ಹಿಡಿಯುತ್ತಿದ್ದ. ಮೇಲಿನಿಂದ ಸುರಿಯುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಚಾವಡಿಯ ಮೇಲೆ ಸಿಟ್ಟು ಬರುತ್ತಿತ್ತು. ಮನುಷ್ಯರ ಮೇಲೆ ಸಿಟ್ಟಾಗುವುದಕ್ಕಿಂತ ಕಟ್ಟಡದ ಮೇಲೆ ಸಿಟ್ಟಾಗುವುದು ಸುಲಭ. ಅದು ತಿರುಗಿ ಕೇಳುವುದಿಲ್ಲ.

ಅಪ್ಪ ಗಾರೆ ಕೆಲಸದವನು. ಅವನಪ್ಪನೂ ಗಾರೆ ಕೆಲಸದವನು. ನಾನು ಬಿ.ಇ. ಸಿವಿಲ್. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲನೆಯವನು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗಣಿತದಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದವನಿಗೆ ಅಷ್ಟು ಜಂಬ ಇರಬೇಕಾದದ್ದೇ. ನಮ್ಮ ಮನೆಯ ಬೋರ್ಡಿನಲ್ಲಿ ಬಿ.ಇ. ಎಂಬ ಎರಡಕ್ಷರ ಮನೆ ನಂಬರಿಗಿಂತ ದೊಡ್ಡದಾಗಿದೆ. ಪೋಸ್ಟಿನವನು ಒಮ್ಮೆ ಇದು ಆಫೀಸೋ ಮನೆಯೋ ಎಂದು ಕೇಳಿದ್ದ. ಅಪ್ಪನಂತೂ ನನ್ನ ಜೊತೆ ಬಸ್ಸು ಹತ್ತಿದರೆ ಕಂಡಕ್ಟರನ್ನೂ ಬಿಡುತ್ತಿರಲಿಲ್ಲ: ಎರಡು ಟಿಕೆಟ್ ಕೊಡಪ್ಪ, ಒಂದು ನನಗೆ, ಒಂದು ನಮ್ಮ ಇಂಜಿನಿಯರ್‌ಗೆ. ನಾನು ಕಿಟಕಿಯಾಚೆ ನೋಡುತ್ತಿದ್ದೆ, ಆದರೆ ಕಿವಿ ಈಚೆಗೇ ಇರುತ್ತಿತ್ತು.

ಬೊಮ್ಮಸಂದ್ರದಲ್ಲಿ ಕಾರ್ಖಾನೆ ಶೆಡ್ಡು ಕಟ್ಟುವ ಒಬ್ಬರ ಬಳಿ ಹತ್ತು ವರ್ಷ ದುಡಿದು, ನನ್ನದೇ ಸೀಲು ಮಾಡಿಸಿಕೊಂಡು, ಊರಲ್ಲೇ ಪ್ಲಾನು ಬರೆಯಲು ಕೂತ ಹೊಸತು ಅದು. ಆಗ ಊರಿನ ಮೆಂಬರು, ಅದೇ ಪಟೇಲರ ಮನೆತನದವರು, ನಮ್ಮ ಮನೆಗೆ ಬಂದರು. ಚಾವಡಿ ಕೆಡವಿ ಅಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸಬೇಕೆಂದು ಅವರ ಕಡೆಯವರ ಆಸೆ. ಕೆರೆಗೆ ಹಕ್ಕಿ ನೋಡಲು ಬರುತ್ತಿದ್ದ ಅಪಾರ್ಟ್‌ಮೆಂಟಿನ ಕೆಲವರು ಅದು ನೂರು ವರ್ಷದ ಕಟ್ಟಡ, ಕೆಡವಬೇಡಿ, ಓದುವ ಕೋಣೆ ಮಾಡಿ ಎಂದು ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟಿದ್ದರು. ಕಟ್ಟಡ ಗಟ್ಟಿ ಇದೆಯೋ ಇಲ್ಲವೋ ಇಂಜಿನಿಯರ್ ಒಬ್ಬರಿಂದ ಬರೆಸಿ ತನ್ನಿ ಎಂದು ಆಫೀಸಿನವರು ಕೈ ತೊಳೆದುಕೊಂಡಿದ್ದರು.

ಮೆಂಬರು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಆ ಮನೆತನದವರು ನಮ್ಮ ಹೊಸಿಲು ದಾಟಿದ್ದು ಅದೇ ಮೊದಲು. ಅಮ್ಮ ಕಾಫಿ ತಂದಳು. ಅವರು ತೆಗೆದುಕೊಂಡು ಕುಡಿದರು. ಲೋಟ ಪೂರ್ತಿ ಖಾಲಿ ಮಾಡಿದರು. ಇದನ್ನು ಓದುವಾಗ ಇದರಲ್ಲೇನಿದೆ ಎನಿಸಿದರೆ ನೀವು ಪುಣ್ಯವಂತರು. ನನಗೆ ಲಂಚ ಕೊಡಲು ಯಾರೂ ಬಂದಿರಲಿಲ್ಲ. ಕೊಟ್ಟಿದ್ದರೆ ಮುಖಕ್ಕೆ ಹೇಳಿ ಕಳಿಸುತ್ತಿದ್ದೆ. ನಾನು ಬಿದ್ದದ್ದು ನಮ್ಮ ಮನೆಯದೇ ಒಂದು ಲೋಟ ಕಾಫಿಗೆ.

"ಊರಲ್ಲಿ ಬೇರೆ ಇಂಜಿನಿಯರ್‌ಗಳೂ ಅವ್ರೆ. ಆದ್ರೆ ನಿಮ್ ಕೈಲೇ ಆಗ್ಲಿ ಅಂತ ನಾನಂದೆ" ಎಂದರು ಮೆಂಬರು. "ನಿಮ್ಮೋರ್‌ನ ಹತ್ತಿಸ್ದೆ ಇದ್ದ ಜಗಲಿ ಅಲ್ವೇನ್ರೀ ಅದು. ನೀವೇ ಬರೀಬೇಕು."

ಹತ್ತಿಸದೆ ಇದ್ದವರು ಯಾರೆಂದು ನಾನು ಕೇಳಲಿಲ್ಲ.

ಅವರು ಹೋದ ಮೇಲೆ, ಅಷ್ಟೂ ಹೊತ್ತು ಗೋಡೆಗೊರಗಿ ನಿಂತೇ ಇದ್ದ ಅಪ್ಪ, ಒಳಗೆ ಹೋಗಿ ನೋಡಿಯೇ ಬರೆಯುತ್ತೀಯ ತಾನೇ ಎಂದು ಕೇಳಿದ. ಹೂಂ ಎಂದೆ. ಆಮೇಲೆ, "ನಾನೂ ಬರ್ಲಾ ಮಗಾ, ಜೊತೇಲಿ?" ಎಂದ.

"ಇದೆಲ್ಲ ಟೆಕ್ನಿಕಲ್ ಕಣಪ್ಪಾ. ನಿನಗೇನು ಗೊತ್ತಾಗುತ್ತೆ" ಎಂದೆ.

ಐವತ್ತು ವರ್ಷ ಗೋಡೆ ಕಟ್ಟಿದವನಿಗೆ ನಾನು ಹೇಳಿದ ಮಾತು ಇದು. ನನ್ನ ಓದಿನಲ್ಲಿ ಸುಣ್ಣದ ಗಾರೆಯ ಬಗ್ಗೆ ಇದ್ದದ್ದು ಒಂದೇ ಪಾಠ. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನೂ ಬಿಟ್ಟಿದ್ದೆ.

ಮರುದಿನ ಟೇಪು, ಸುತ್ತಿಗೆ, ಫೈಲು ಹಿಡಿದು ಬೂಟು ಹಾಕಿಕೊಂಡು ಹೋದೆ. ಹೊರಗೋಡೆಗೆ ಸುತ್ತಿಗೆಯಿಂದ ತಟ್ಟಿದೆ. ಟೊಳ್ಳು ಸದ್ದು ಬಂತು. ಹಳೆಯ ಗಾರೆಯ ಮೇಲೆ ಯಾರೋ ಮುಂಚೆ ಸಿಮೆಂಟು ಮೆತ್ತಿಸಿದ್ದರು, ಅದು ಬಿಟ್ಟುಕೊಂಡು ಸದ್ದು ಮಾಡುತ್ತಿತ್ತೇ ಹೊರತು ಗೋಡೆಯಲ್ಲ; ಇದು ನನಗೆ ತಿಳಿದದ್ದು ಬಹಳ ಆಮೇಲೆ. ಸುತ್ತ ಅಳೆದೆ. ಇನ್ನು ಒಳಗೆ ಹೋಗಬೇಕು. ಜಗಲಿಯ ಮೆಟ್ಟಿಲ ಮುಂದೆ ನಿಂತೆ. ಅಂಗಳದಲ್ಲಿ ನರಪಿಳ್ಳೆಯೂ ಇರಲಿಲ್ಲ, ಬಾಗಿಲು ಅರ್ಧ ತೆರೆದಿತ್ತು, ನನ್ನನ್ನು ತಡೆಯುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಕಾಲು ಏಳಲಿಲ್ಲ.

ಅಲ್ಲೇ ನಿಂತು ಮನಸ್ಸಿಗೆ ಒಂದೊಂದೇ ಕಾರಣ ಒದಗಿಸಿದೆ. ನಮ್ಮಜ್ಜನನ್ನು ಹತ್ತಿಸದ ಜಗಲಿಯನ್ನು ನಾನೇಕೆ ಹತ್ತಲಿ ಎಂದುಕೊಂಡೆ. ಅದು ಸ್ವಾಭಿಮಾನದ ಮಾತಿನಂತೆ ಕೇಳಿಸಿತು. ಒಳಗೆ ಹಾವಿರಬಹುದು ಎಂದುಕೊಂಡೆ. ಅಷ್ಟರಲ್ಲಿ ನೋಡಿಕೊಂಡರೆ ಎಡಗೈ ತಾನಾಗಿಯೇ ಬೂಟಿನ ದಾರದ ಕಡೆ ಹೋಗಿತ್ತು, ಬಿಚ್ಚಲು. ಕೈ ಹಿಂದಕ್ಕೆಳೆದುಕೊಂಡೆ. ಹಿಂದಿರುಗಿ ನೋಡದೆ ಮನೆಗೆ ಬಂದು ವರದಿ ಟೈಪು ಮಾಡಿದೆ. 'ಕಟ್ಟಡದ ಒಳಭಾಗವನ್ನು ಖುದ್ದಾಗಿ ಪರಿಶೀಲಿಸಲಾಗಿ, ಒಳಗೋಡೆಗಳು ಬಿರುಕು ಬಿಟ್ಟು ಶಿಥಿಲಗೊಂಡಿದ್ದು, ಯಾವುದೇ ಕ್ಷಣದಲ್ಲಿ ಕುಸಿಯುವ ಸಂಭವವಿದೆ.' ಕೆಳಗೆ ಸಹಿ, ಸೀಲು. ಸೀಲು ಸ್ವಲ್ಪ ಓರೆಯಾಯಿತೆಂದು ಇನ್ನೊಂದು ಪ್ರತಿ ತೆಗೆದು ನೆಟ್ಟಗೆ ಒತ್ತಿದೆ. ಅಷ್ಟು ಕಾಳಜಿ!

ಯಾವುದೇ ಕ್ಷಣದಲ್ಲಿ ಕುಸಿಯಬೇಕಿದ್ದ ಆ ಕಟ್ಟಡವನ್ನು ಕೆಡವಲು ಜೆಸಿಬಿಗೆ ಮೂರು ದಿನ ಬೇಕಾಯಿತು. ಎರಡನೆಯ ದಿನ ಬಕೆಟ್ಟಿನ ಹಲ್ಲುಗಳು ಮುರಿದವು. ಊರವರು ಜಾತ್ರೆಯಂತೆ ನೆರೆದು ನೋಡುತ್ತಿದ್ದರು, ನಾನೂ ಬೈಕು ನಿಲ್ಲಿಸಿಕೊಂಡು ಅಲ್ಲೇ ಇದ್ದೆ. ಡ್ರೈವರು ಕಲಬುರಗಿ ಕಡೆಯವನು, ಕೆಳಗಿಳಿದು ಬಂದು ಮುಖದ ಧೂಳು ಒರೆಸಿಕೊಳ್ಳುತ್ತ ನನ್ನನ್ನೇ ಕೇಳಿದ.

"ಏನ್ ಗ್ವಾಡಿರೀ ಸರ ಇದು, ಕಬ್ಬಣ ಆಗೇದ. ಇದು ಬೀಳ್ತದ ಅಂತ ಬರದಂವ ಯಾವಂವ ರೀ? ಅಂವನ್ನ ಕರ್ಕೊಂಡ್ ಬರ್ರಿ, ಅಂವನ ಕೈಲೇ ಬೀಳಸೂಣು."

ಸುತ್ತ ಇದ್ದವರು ನಕ್ಕರು. "ಯಾರೋ ಇಂಜಿನಿಯರ್ ಅಂತೆ" ಎಂದೆ ನಾನು.

ಹಾಗೆಂದು ತಿರುಗಿದರೆ ಹಿಂದೆ ಅಪ್ಪ ನಿಂತಿದ್ದ. ಕೇಳಿಸಿಕೊಂಡಿದ್ದ. ಕಂಡಕಂಡವರಿಗೆಲ್ಲ ನಮ್ಮ ಇಂಜಿನಿಯರ್ ಎಂದು ತೋರಿಸಿದವನು ಅಂದು ಮಾತ್ರ ನನ್ನನ್ನು ಯಾರಿಗೂ ತೋರಿಸಲಿಲ್ಲ. ಅಂಗಳದ ಅಂಚಿಗೆ ಹೋಗಿ, ರಾಶಿಯಿಂದ ಅಂಗೈಯಗಲದ ಒಂದು ಚಕ್ಕೆ ಎತ್ತಿ, ಪಂಚೆಯಲ್ಲಿ ಒರೆಸಿ, ನನ್ನ ಬಳಿ ತಂದ. ಒಂದು ಮಗ್ಗುಲು ಒರಟು. ಇನ್ನೊಂದು ಮಗ್ಗುಲು ಬೆಳ್ಳಗೆ, ಕನ್ನಡಿಯಷ್ಟು ನುಣುಪು. ಬಿರುಕಿನ ಒಂದು ಗೆರೆಯೂ ಅದರ ಮೇಲಿರಲಿಲ್ಲ.

"ನಮ್ಮಜ್ಜಿ ತಿಕ್ಕಿದ್ದು" ಎಂದ. "ಒಳಗ್ಲ ಗೋಡೆದು."

ಅಂದು ಸಂಜೆ ಅವನು ಹೇಳಿದ್ದಿಷ್ಟು. ಚಾವಡಿ ಕಟ್ಟುವಾಗ ಕಲ್ಲು ಹೊತ್ತವರು, ಸುಣ್ಣ ಅರೆದವರು ನಮ್ಮ ಕೇರಿಯವರು. ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಗಾರೆ ಹದ ಮಾಡುತ್ತಿದ್ದರು. ಗೋಡೆಗೆ ಕೊನೆಯ ಸುಣ್ಣ ಕೊಟ್ಟ ಮೇಲೆ ಹೆಂಗಸರು ಹೊಳೆಗಲ್ಲಿನಿಂದ ದಿನಗಟ್ಟಲೆ ತಿಕ್ಕುತ್ತಿದ್ದರು, ಮುಖ ಕಾಣುವ ತನಕ. ಅಪ್ಪನ ಅಜ್ಜಿ ತಿಂಗಳೊಪ್ಪತ್ತು ಆ ಕೋಣೆಯೊಳಗೇ ಇದ್ದಳು. ಗೋಡೆ ಮುಗಿಯಿತು, ಪೂಜೆಯಾಯಿತು. ಅಂದು ಹೊರಗೆ ಬಂದವಳು ಮತ್ತೆ ಒಳಗೆ ಹೋಗಲಿಲ್ಲ. ಕಟ್ಟಿ ಮುಗಿಯುವ ತನಕ ಅದು ನಮ್ಮದು, ಮುಗಿದ ಮೇಲೆ ಅವರದು.

"ನಿನ್ ಜೊತೇಲಿ ಒಂದ್ ಸಲ ಒಳಿಕ್ಕೆ ಓಗಿ ತೋರ್ಸಾನ ಅಂತಿದ್ದೆ" ಎಂದ ಅಪ್ಪ. ಆಮೇಲೆ, "ಒಳಗಡೆ ಗೋಡೆ ನೋಡ್ದಾ ನೀನು? ಬಿರುಕು ಎಲ್ ಇತ್ತು?" ಎಂದು ಕೇಳಿದ.

"ಮೂಲೇಲಿ ಇತ್ತಪ್ಪ" ಎಂದೆ. ಅವನು ತಲೆಯಾಡಿಸಿದ. ಮತ್ತೆ ಕೇಳಲಿಲ್ಲ.

ಅಂಥ ಚಾವಡಿಯನ್ನು ಉಳಿಸಿಕೊಂಡು ಏನಾಗಬೇಕಿತ್ತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನೂ ಅದರ ನೆರಳಲ್ಲಿ ಬಹಳ ದಿನ ಅಡಗಿಕೊಂಡಿದ್ದೆ. ಈಗ ಅಲ್ಲಿರುವ ಕಾಂಪ್ಲೆಕ್ಸಿನಲ್ಲಿ ನಮ್ಮ ಕೇರಿಯವನೊಬ್ಬ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ದಿನಾ ಎದೆಯೆತ್ತಿ ಒಳಗೆ ಹೋಗುತ್ತಾನೆ. ಅದು ಒಳ್ಳೆಯದೇ. ಅವಮಾನದ ಗುರುತೆಂದು ನಮ್ಮವರೆಲ್ಲ ಕೂತು ಯೋಚಿಸಿ, ಕೆಡವೋಣ ಎಂದಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ಹಾಗಾಗಲಿಲ್ಲ. ಅಲ್ಲಿ ಕೂತವರು ಯಾರೆಂದು ಊರಿಗೆಲ್ಲ ಗೊತ್ತು. ಕಟ್ಟಿದವರು ಯಾರೆಂಬುದಕ್ಕೆ ಆ ಗೋಡೆಯೊಂದೇ ಸಾಕ್ಷಿ ಇತ್ತು, ಅದನ್ನು ಓದಲು ಬರುತ್ತಿದ್ದದ್ದು ಅಕ್ಷರ ಬಾರದ ನಮ್ಮಪ್ಪನೊಬ್ಬನಿಗೆ. ನಾನು ಅವನನ್ನು ಕೇಳಲಿಲ್ಲ. ಜೊತೆಗೆ ಬರುತ್ತೇನೆಂದವನನ್ನು ಮನೆಯಲ್ಲಿ ಕೂರಿಸಿ ಹೋದೆ. ಕಲ್ಲುಕಂಬಗಳನ್ನು ರೆಸಾರ್ಟಿನವರು ಯಾರೋ ಗೇಟಿಗೆಂದು ಒಯ್ದರಂತೆ. ಅವರಿಗಾದರೂ ಅದರ ಬೆಲೆ ಗೊತ್ತಿತ್ತು.

ಮೊನ್ನೆ ಭಾನುವಾರ ಕಿಟಕಿ ಹಾಕಿದ ಮೇಲೂ ಮನಸ್ಸು ತಡೆಯಲಿಲ್ಲ. ಕೆಳಗಿಳಿದು ಹೋಗಿ ಅಪ್ಪನ ಕುರ್ಚಿಯ ಪಕ್ಕ ಮೆಟ್ಟಿಲ ಮೇಲೆ ಕೂತೆ. ಎದುರಿನವರು ಮೊದಲ ಕೈ ಬಳಿದು ಬೀಡಿ ಹಚ್ಚಿದ್ದರು. ಏಳು ವರ್ಷದಿಂದ ಮುಚ್ಚಿಟ್ಟದ್ದನ್ನು ಹೇಳಿದೆ.

"ಅಪ್ಪ, ಚಾವಡಿ ನೋಡಕ್ಕೆ ಹೋದಾಗ ನಾನು ಒಳಗೆ ಹೋಗಿರ್ಲಿಲ್ಲ."

"ಗೊತ್ತು" ಎಂದ, ತಾರಸಿಯ ಕಡೆ ನೋಡುತ್ತಲೇ.

"ಹೆಂಗೆ?"

"ಒಳಗೆಲ್ಲ ಬಾವ್ಲಿ ಗಲೀಜು. ನಿನ್ ಬೂಟು ತೊಳ್ದಿಟ್ಟಂಗಿತ್ತು."

ಅಂದರೆ ಬಿರುಕು ಎಲ್ಲಿತ್ತೆಂದು ಕೇಳುವಾಗಲೇ ಅವನಿಗೆ ಗೊತ್ತಿತ್ತು. ನಾನಾಗಿ ಹೇಳಲೆಂದು ಒಂದು ಅವಕಾಶ ಕೊಟ್ಟಿದ್ದ. ನಾನು ಮೂಲೆ ತೋರಿಸಿದ್ದೆ. ಕಾಲು ಏಳಲಿಲ್ಲ ಎಂಬುದನ್ನೂ ಹೇಳಿದೆ, ಬೂಟಿನ ದಾರದ ವಿಷಯವನ್ನೂ ಹೇಳಿದೆ.

"ನನ್ಗೂ ಅಂಗೇಯ" ಎಂದ ಅಪ್ಪ. "ಚಾವಡಿ ತಾರಸಿ ಸೋರ್ತದೆ ಅಂತ ಕರೆಯೋರು. ಗಾರೆ ಕರಣೆ ಕೈಲಿದ್ರೆ ಸಲೀಸಾಗಿ ಒಳಿಕ್ಕೆ ಓಗೋನು. ಬರೀ ಕೈಲಿ ಏಳ್ತಿರ್ಲಿಲ್ಲ ಕಾಲು. ನಿನ್ಗಾದ್ರೂ ಏಳ್ಲಿ ಅಂತ್ಲೇ ಕಣಪ್ಪ ಓದ್ಸಿದ್ದು."

ಬೈದಿದ್ದರೆ ಚೆನ್ನಾಗಿತ್ತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಲೆವೆಲ್ ತಪ್ಪಿದ ಗೋಡೆಯನ್ನು ಮೇಸ್ತ್ರಿ ನೋಡುವಂತೆ ನನ್ನನ್ನೊಮ್ಮೆ ನೋಡಿದ, ಅಷ್ಟೆ. ಆಮೇಲೆ ಬಿಸಿಲು ಬಂತೆಂದು ಕುರ್ಚಿಯ ಕೈ ಹಿಡಿದು ಎದ್ದು, ನನ್ನ ಭುಜದ ಮೇಲೆ ಭಾರ ಬಿಟ್ಟು ಒಂದು ಮೆಟ್ಟಿಲು ಹತ್ತಿ ಒಳಗೆ ಹೋದ. ಒಳಗಿನಿಂದ ಊಟಕ್ಕೆ ಬಾರೆಂದು ಎರಡು ಸಲ ಕರೆದ. ನಾನು ನಮ್ಮದೇ ಮನೆಯ ಹೊಸಿಲಿನಾಚೆ ಆ ಬಿಸಿಲಲ್ಲಿ ಇನ್ನೂ ಬಹಳ ಹೊತ್ತು ಕೂತಿದ್ದೆ.