ಹತ್ತು ಪ್ರಶ್ನಾರ್ಥಕ ಚಿಹ್ನೆಗಳು

ಯರಗುಪ್ಪಿಯ ಮಡಿವಾಳೆಪ್ಪ ಮಾಸ್ತರರು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದರು. ತಿದ್ದುವ ಚಟ ಮಾತ್ರ ನಿವೃತ್ತಿಯಾಗಲಿಲ್ಲ. ಮನೆಗೆ ಲಗ್ನಪತ್ರಿಕೆ ಬಂದರೆ ಮೊದಲು ಕೆಂಪು ಪೆನ್ನು ಹುಡುಕುತ್ತಿದ್ದರು, ಮುಹೂರ್ತ ನೋಡುವುದು ಆಮೇಲೆ.

ನೌಕರಿಯ ಜೊತೆಗೇ ಅವರು ಇನ್ನೊಂದು ಕೆಲಸ ಮಾಡಿದ್ದರು. ಕರಿಮಣ್ಣಿನ ಎರಿಹೊಲದ ಒಕ್ಕಲುತನದಲ್ಲಿ ಕಿವಿಗೆ ಬಿದ್ದ ಮಾತನ್ನೆಲ್ಲ, ಕೂರಿಗಿ, ಕುಂಟಿ, ಮಿಣಿ, ಬಾರಕೋಲು ಎಂದು ನೋಟಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಒಂಬತ್ತು ಸಾವಿರ ದಾಟಿದ್ದವು. ಅಷ್ಟನ್ನೂ ಎರಡು ಚಳಿಗಾಲ ಕುಳಿತು ಕಂಪ್ಯೂಟರಿಗೆ ಏರಿಸಿದರು. ಇನ್ನು ಅಕಾರಾದಿಯಾಗಿ ಜೋಡಿಸಬೇಕು, ಎರಡೆರಡು ಸಲ ಬಂದದ್ದನ್ನು ತೆಗೆಯಬೇಕು.

ಕುಂದಗೋಳದ ಬಸ್‌ಸ್ಟ್ಯಾಂಡಿನ ಬಾಜು ಕಂಪ್ಯೂಟರ್ ರಿಪೇರಿ ಮಾಡುವ ಬುಡನಸಾಬ ಅವರ ಹಳೆಯ ವಿದ್ಯಾರ್ಥಿ. "ಅದಕ್ಕೇನ್ರಿ ಮಾಸ್ತರ್ರ, ಒಂದು ಗುಂಡಿ ಒತ್ತಿದ್ರ ಜೋಡಿಸಿ ಕೊಡೋ ಸಾಫ್ಟವೇರ್ ಐತ್ರಿ," ಎಂದ.

ಮಾಸ್ತರರಿಗೆ ಅದು ರುಚಿಸಲಿಲ್ಲ. ಓಪನ್ ಸೋರ್ಸ್ ಎಂಬುದರ ಬಗ್ಗೆ ಅವರು ಪತ್ರಿಕೆಯಲ್ಲಿ ಓದಿದ್ದರು. ಪುಕ್ಕಟೆ ಸಿಗುತ್ತದೆ ಎಂಬುದಕ್ಕಿಂತ ಬೇರೊಂದು ಸಾಲು ಅವರನ್ನು ಹಿಡಿದು ನಿಲ್ಲಿಸಿತ್ತು. "ತಪ್ಪು ಕಂಡ್ರ ಯಾರು ಬೇಕಾದ್ರೂ ತಿದ್ದಬಹುದಂತಲೇ ಬುಡನಸಾಬ! ಇಂಥಾದ್ದು ಜಗತ್ತಿನ್ಯಾಗ ಮತ್ತೆಲ್ಲೈತಿ?"

ಹೀಗೆ ಶಬ್ದ ಜೋಡಿಸುವ ಪ್ರೋಗ್ರಾಮನ್ನು ತಾವೇ ಬರೆಯಬೇಕೆಂದು ಅರವತ್ಮೂರನೆಯ ವಯಸ್ಸಿನಲ್ಲಿ ಅವರು ಸಿ ಎಂಬ ಕಂಪ್ಯೂಟರ್ ಭಾಷೆಯ ಪುಸ್ತಕ ಹಿಡಿದರು. ಪ್ರೋಗ್ರಾಮ್ ಬರೆಯಲು ಓಪನ್ ಸೋರ್ಸ್ ತಂತ್ರಾಂಶವೊಂದನ್ನು ಇಳಿಸಿಕೊಂಡರು. ನಾಲ್ಕು ಸಾಲು ಬರೆದು ಗುಂಡಿ ಒತ್ತಿದರೆ ಕಂಪೈಲರ್ ಸಿಗುತ್ತಿಲ್ಲ ಎಂದು ಬಂತು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ದುಭಾಷಿಯೇ ಕಂಪೈಲರ್. ಬುಡನಸಾಬ ಬಂದು ನೋಡಿ ನಕ್ಕ. ಆ ತಂತ್ರಾಂಶದಲ್ಲಿ ಎರಡು ನಮೂನೆ ಇದ್ದವು, ಕಂಪೈಲರ್ ಇದ್ದದ್ದು ಮತ್ತು ಇಲ್ಲದ್ದು. ಮಾಸ್ತರರು ಸಣ್ಣದು ಸಾಕೆಂದು ಇಲ್ಲದ್ದನ್ನೇ ಆರಿಸಿದ್ದರು.

ದೊಡ್ಡದನ್ನು ಹಾಕಿದರು. ಈಗ ಕಂಪೈಲರ್ ಸಿಕ್ಕಿತು, ಆದರೆ ಬೇರೆ ತಕರಾರು ತೆಗೆಯಿತು: ಅಂಥ ಫೈಲೇ ಇಲ್ಲ. ಯಾವ ಫೈಲು ಎಂದು ಹೇಳುವ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಬುಡನಸಾಬ ಎಲ್ಲ ತೆಗೆದು ಮತ್ತೆ ಹಾಕಿದ. ಬರೆದದ್ದನ್ನು ಬೇರೆ ಡ್ರೈವಿಗೆ ಒಯ್ದು ನೋಡಿದ. ಮೂರನೆಯ ಭಾನುವಾರ ಕೈಚೆಲ್ಲಿದ. "ಮಶೀನ ಹಳೇದಾತ್ರಿ ಮಾಸ್ತರ್ರ. ಹೊಸಾದ ತಗೋರಿ."

ಅವನು ಹೋದ ಮೇಲೆ ಮಾಸ್ತರರು ಆ ಚಿಹ್ನೆಗಳನ್ನೇ ನೋಡುತ್ತ ಕುಳಿತರು. ಎಣಿಸಿದರು. ಹತ್ತು. ಮತ್ತೆ ಗುಂಡಿ ಒತ್ತಿದರೂ ಹತ್ತೇ. ಅರ್ಥವಿಲ್ಲದ ಕಸವಾದರೆ ಸಲಕ್ಕೊಂದು ಲೆಕ್ಕ ಬರಬೇಕಿತ್ತಲ್ಲ? ಹತ್ತು ಅಕ್ಷರದ ಏನೋ ಒಂದು ಅಲ್ಲಿದೆ, ಯಂತ್ರಕ್ಕೆ ಓದಲು ಬರುತ್ತಿಲ್ಲ. ಕಂಪ್ಯೂಟರ್ ತಂದ ದಿನ ಬಳಕೆದಾರರ ಹೆಸರು ಕೇಳಿದಾಗ ಅವರು ಅಭಿಮಾನದಿಂದ ಕನ್ನಡದಲ್ಲೇ ಮಡಿವಾಳೆಪ್ಪ ಎಂದು ಕೊಟ್ಟಿದ್ದರು. ಆದರೆ ಅದು ಐದೇ ಅಕ್ಷರ. ಕಾಗದದ ಮೇಲೆ ಬಿಡಿಸಿ ಬರೆದರು: ಮ, ಡ, ಅದರ ಗುಡಿಸು, ವ, ಅದರ ಇಳಿ, ಳ, ಅದರ ಎತ್ವ, ಪ, ಒತ್ತು ತೋರುವ ಗುರುತು, ಇನ್ನೊಂದು ಪ. ಸರಿಯಾಗಿ ಹತ್ತು.

ಹೆಂಡತಿ ಗುರವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿಬಂದಳು. "ಏನಾತ್ರಿ? ಯಾಕ ಒದರಾಕತ್ತೀರಿ?"

"ಸಿಕ್ತ ನೋಡು! ಅದು ನನ್ನ ಹೆಸರ!"

ಆ ದುಭಾಷಿ ತನ್ನ ಕಚ್ಚಾ ಕೆಲಸವನ್ನೆಲ್ಲ ಬಳಕೆದಾರನ ಹೆಸರಿನ ಫೋಲ್ಡರಿನಲ್ಲೇ ಮಾಡುತ್ತಿತ್ತು. ಪ್ರೋಗ್ರಾಮನ್ನು ಎಲ್ಲಿಗೆ ಒಯ್ದರೂ ಅದು ಆ ಹೆಸರಿನ ಬಾಗಿಲಿಗೇ ಬಂದು ನಿಲ್ಲಬೇಕು, ಹೆಸರು ಓದಲು ಬಾರದೆ ವಾಪಸು ಹೋಗಬೇಕು. ಮಾಸ್ತರರು ಬುಡನಸಾಬನಿಗೆ ಫೋನಿನಲ್ಲಿ ಇದನ್ನು ತಿಳಿಸಿದರು. "ಹಂಗಾರ ಇಂಗ್ಲೀಷಿನ್ಯಾಗ ಹೊಸಾ ಹೆಸರ ಮಾಡೂಣ್ರಿ," ಎಂದ ಮೆಲ್ಲಗೆ.

ಬೇರೆ ದಾರಿ ಇರಲಿಲ್ಲ. ಮಾಸ್ತರರು ಒಪ್ಪಿದರು, ಆದರೆ ಸ್ಪೆಲ್ಲಿಂಗಿನಲ್ಲಿ ಗಾಡಿ ನಿಂತಿತು. ಆಧಾರ್ ಕಾರ್ಡಿನಲ್ಲಿ ಒಂದು, ಪಿಂಚಣಿ ಪುಸ್ತಕದಲ್ಲಿ ಒಂದು, ಬ್ಯಾಂಕಿನಲ್ಲಿ ಮತ್ತೊಂದು. ಮೂರರಲ್ಲೂ ತಪ್ಪಿತ್ತು. ಅರ್ಧ ದಿನ ವಿಚಾರ ಮಾಡಿ ಕೊನೆಗೆ ಬರೀ ಎಂ ಎಂಬ ಒಂದಕ್ಷರ ಹಾಕಿ ಮುಗಿಸಿದರು.

ಆ ಎಂ ಹೆಸರಿನಲ್ಲಿ ಕಂಪೈಲರ್ ಎಳ್ಳಷ್ಟೂ ತಕರಾರು ಮಾಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವರ ಪ್ರೋಗ್ರಾಮ್ ಸಿದ್ಧವಾಯಿತು. ಗುಂಡಿ ಒತ್ತಿ, ಹೊತ್ತು ಹಿಡಿಯಬಹುದೆಂದು ಚಹಾಕ್ಕೆ ಹೇಳಿ ತಿರುಗಿದರೆ ಒಂಬತ್ತು ಸಾವಿರ ಶಬ್ದ ಸಾಲಾಗಿ ಕುಳಿತಿದ್ದವು. ಮಾಸ್ತರರಿಗೆ ಖುಷಿಯಾಗಬೇಕಿತ್ತು. ಇಷ್ಟು ವರ್ಷದ ಕೆಲಸ ಚಹಾ ಕುದಿಯುವುದರೊಳಗೆ ಮುಗಿದದ್ದು ಅವರಿಗೆ ಸ್ವಲ್ಪ ಅವಮಾನದಂತೆ ಕಂಡಿತು.

ಆದರೂ ಕಂಡ ತಪ್ಪನ್ನು ಬಿಟ್ಟು ಬಿಡುವ ಜೀವವಲ್ಲ. ನಿಘಂಟು ಹಿಡಿದು ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ತಯಾರಿಸಿ, ತಂತ್ರಾಂಶ ಮಾಡುವವರ ತಾಣಕ್ಕೆ ಹಾಕಿದರು. ಅದರಲ್ಲಿ ಒಂದು ಪುಟ ಗುಡಿಸು ಮತ್ತು ಒತ್ತಿನ ವಿವರಣೆಯೇ ಇತ್ತು. ನಾಲ್ಕನೆಯ ದಿನ ಯಾವುದೋ ದೇಶದಿಂದ ಯಾರೋ ವಿನಯದಿಂದಲೇ ಉತ್ತರ ಬರೆದರು. ಇದು ಹಳೆಯ ದೋಷ, ಸರಿಪಡಿಸಲು ಜನ ಸಿಕ್ಕಿಲ್ಲ. ಸದ್ಯಕ್ಕೆ ಕೈಪಿಡಿಯಲ್ಲಿ ಒಂದು ಎಚ್ಚರಿಕೆಯ ಸಾಲು ಸೇರಿಸಬೇಕು, ತಾವೇ ಬರೆದುಕೊಡುವಿರಾ?

ಮಾಸ್ತರರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಆ ಸಾಲು ಬರೆಯಲು ಕುಳಿತರು. ಮಧ್ಯಾಹ್ನದ ತನಕ ಎಬ್ಬಿಸಿದರೂ ಏಳಲಿಲ್ಲ.

"ಅಷ್ಟೊತ್ತು ಕುಂತು ಏನ ಬರದ್ರಿ?" ಎಂದು ಕೇಳಿದಳು ಗುರವ್ವ.

"ನಿಮ್ಮ ಹೆಸರು ನಿಮ್ಮ ಭಾಷಾದಾಗ ಬರೀಬ್ಯಾಡ್ರಿ ಅಂತ."

"ನೀವು?"

"ನಾನ."

ಗುರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾಸ್ತರರು ತಾವೂ ನಗಬೇಕೋ ಬೇಡವೋ ತಿಳಿಯದೆ ಕನ್ನಡಕ ಒರೆಸಿದರು.

ವಾರದಲ್ಲಿ ಅವರ ಸಾಲು ಕೈಪಿಡಿಯಲ್ಲಿ ಬಂತು, ಜಗತ್ತಿನವರೆಲ್ಲ ಓದುವಂತೆ. ಅಲ್ಲಿಯವರು ಅದರಲ್ಲಿ ಒಂದು ಅಲ್ಪವಿರಾಮ ತೆಗೆದಿದ್ದರು. ಮಾಸ್ತರರು ಇಂಗ್ಲಿಷ್ ವ್ಯಾಕರಣದ ಪುಸ್ತಕ ತೆಗೆದು ನೋಡಿದರು. ತೆಗೆದದ್ದೇ ಸರಿಯಾಗಿತ್ತು. ಅಂದು ಊಟ ಸೇರಲಿಲ್ಲ.

ಈಗ ಅವರು ಇಡೀ ಕೈಪಿಡಿಯನ್ನು ಕನ್ನಡಕ್ಕೆ ತರಲು ಹೊರಟಿದ್ದಾರೆ. ತಿಂಗಳಾದರೂ ಮೊದಲ ವಾಕ್ಯ ದಾಟಿಲ್ಲ, ಕಂಪೈಲರಿಗೆ ಸರಿಯಾದ ಕನ್ನಡ ಶಬ್ದ ಸಿಕ್ಕಿಲ್ಲ. "ಕಂಪೈಲರ್ ಅಂತನ ಬರದುಬಿಡ್ರಿ ಮಾಸ್ತರ್ರ, ಎಲ್ಲಾರಿಗೂ ತಿಳೀತೈತಿ," ಎಂದು ಬುಡನಸಾಬ ಪ್ರತಿ ಭಾನುವಾರ ಹೇಳುತ್ತಾನೆ. ಅವರು ಪ್ರತಿ ಭಾನುವಾರ ಅವನನ್ನು ಗದರಿಸಿ ಕಳಿಸುತ್ತಾರೆ.