ಗೋಣಿಚೀಲದಕ್ಕನ ಒಪ್ಪಿಗೆ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ವಾರ್ಡಿನ ಗೋಣಿಚೀಲದಕ್ಕನ ಶೆಡ್ಡಿಗೆ ಕೆಂಪು ಬಣ್ಣದ ಗುರುತು ಬೀಳಲು ಕಾರಣ ನನ್ನ ಗಂಟಲು. ಎಲ್ಲವೂ ಬೇರೆಯವರ ಪಿತೂರಿ ಅಂತ ಬರೆದಿದ್ದರೆ ನನ್ನ ಮರ್ಯಾದೆಗೆ ಒಳ್ಳೆಯದಿತ್ತು. ಪಿತೂರಿ ಇತ್ತು, ನಿಜ. ಆದರೆ ಅದಕ್ಕೆ ಬಾಗಿಲು ತೆಗೆದು ಕುರ್ಚಿ ಹಾಕಿಕೊಟ್ಟವನು ನಾನು.

ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ದನಿ. ಮಗ್ಗೆಯಿಂದ ದೋಣಿಗಲ್ಲಿನವರೆಗೆ ಗಣಪತಿ ಪೆಂಡಾಲು, ಮದುವೆಮನೆ, ಮೈಕು ಸಿಕ್ಕ ಕಡೆಯೆಲ್ಲ ಯಾರ್ಯಾರದೋ ಗಂಟಲಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ನನ್ನ ಸ್ವಂತ ದನಿಗೆ ಮಾತ್ರ ಯಾರೂ ಚಪ್ಪಾಳೆ ತಟ್ಟಿಲ್ಲ. ತಗಡಿನ ಮೇಲೆ ಮೊಳೆ ಎಳೆದ ಹಾಗಿದೆ ಅದು.

ಅಕ್ಕನ ದನಿಗೆ ಬೇಡಿಕೆ ಹೆಚ್ಚು. ಹಳೇ ಗೋಡೌನಿನ ಗೋಡೆಗೆ ಒರಗಿಸಿದ ತಗಡಿನ ಶೆಡ್ಡಿನಲ್ಲಿ ಕೂತು ಅವಳು ಕಾಫಿ, ಮೆಣಸಿನ ವ್ಯಾಪಾರಿಗಳ ಹರಿದ ಚೀಲಗಳಿಗೆ ತೇಪೆ ಹಾಕುತ್ತಾಳೆ. ಕೈಯಲ್ಲಿ ದಬ್ಬಣ, ಹಲ್ಲಿನ ನಡುವೆ ಸೆಣಬಿನ ಹುರಿ. ಹುರಿ ಬಿಡದೆಯೇ ಮಾತಾಡುವುದರಿಂದ ಮಾತೆಲ್ಲ ಮೂಗಿನಿಂದ ಬರುತ್ತದೆ. ಶೆಡ್ಡಿಗಿಂತ ಅವಳಿಗೆ ಮುಖ್ಯವಾದದ್ದು ಅದರ ಮುಂದಿನ ಬಯಲು. ಗಾಡಿಗಳು ಚೀಲ ಇಳಿಸುವುದು ಅಲ್ಲಿ, ಅವಳು ಅವನ್ನು ಹರಡಿ, ಕೊಡವಿ, ತೂತು ಹುಡುಕುವುದು ಅಲ್ಲಿ.

ಆ ಬಯಲನ್ನು ಅಭಿವೃದ್ಧಿಪಡಿಸುತ್ತೇವೆ ಅಂದರು ಪುರಸಭೆಯವರು. ಗುಡ್ಡ ನೋಡಲು ಬರುವ ಪ್ರವಾಸಿಗಳಿಗೆ ಫುಡ್ ಕೋರ್ಟು, ಕಮಾನು, ನೆಲಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ. ಫ್ಲೆಕ್ಸಿನ ಚಿತ್ರದಲ್ಲಿ ನಮ್ಮೂರಲ್ಲಿ ಯಾರೂ ನೆಡದ ಗಿಡಗಳಿದ್ದವು, ನಮ್ಮೂರಲ್ಲಿ ಯಾರೂ ತೊಡದ ಟೋಪಿಗಳಿದ್ದವು. ಒಂದೇ ಒಂದು ಚೀಲ ಇರಲಿಲ್ಲ. ಜನರ ಅಭಿಪ್ರಾಯ ಕೇಳಲು ವಾರ್ಡ್ ಸಮಿತಿಯ ಸಭೆ ಕರೆದರು. ಅದರ ನೋಟೀಸನ್ನು ಅಂಟಿಸಿದ್ದು ಟ್ರಾನ್ಸ್‌ಫಾರ್ಮರಿನ ಹಿಂಬದಿಗೆ. ಓದುವವನು ಮೊದಲು ಜೀವದ ಆಸೆ ಬಿಡಬೇಕು.

ಹೀಗಾಗಿ ಸಭೆಗೆ ಬಂದವರಿಗಿಂತ ಖಾಲಿ ಕುರ್ಚಿಗಳೇ ಜಾಸ್ತಿ. ವಾರ್ಡಿನ ಸದಸ್ಯೆಯ ಜಾಗದಲ್ಲಿ ಎಂದಿನಂತೆ ಅವರ ಯಜಮಾನ ಕೂತಿದ್ದ. ಮೆಂಬರ್ ಗಂಡ ಅಂತಲೇ ನಾವು ಅವನನ್ನು ಕರೆಯುವುದು. ಗುಮಾಸ್ತ ಪುಸ್ತಕದಿಂದ ತಲೆ ಎತ್ತದೆ ಹೆಸರು ಕೂಗುತ್ತಾ ಹೋದ. ಬರೀ ಹಾಜರಿ ಅಂದುಕೊಂಡೆ ನಾನು. ಕೋರಂ ಇಲ್ಲದಿದ್ದರೆ ಸಭೆ ಇಲ್ಲ, ಸಭೆ ಇಲ್ಲದಿದ್ದರೆ ಉದ್ದಿನವಡೆ ಇಲ್ಲ ಅಂತ ಪಕ್ಕದಲ್ಲಿದ್ದ ಗೆಳೆಯರು ತಿವಿದರು. ಬಾರದವರ ಪರವಾಗಿ ಶುರುಮಾಡಿದೆ. ರಿಟೈರಾದ ಮೇಷ್ಟ್ರಾಗಿ ಕೆಮ್ಮಿದೆ, ಬೇಕರಿಯವನಾಗಿ ತೊದಲಿದೆ. ಅಕ್ಕನ ಹೆಸರು ಬಂದಾಗ ಕರ್ಚೀಫಿನ ತುದಿ ಹಲ್ಲಿಗೆ ಕಚ್ಚಿಕೊಂಡು, “ಇದೀನಿ ಕಣಪ್ಪ, ಅದೇನ್ ಬರ್ಕತೀಯೋ ಬರ್ಕೋ, ಕೆಲ್ಸ ಐತೆ ನಂಗೆ” ಅಂದೆ.

ಮೆಂಬರ್ ಗಂಡ ತಿರುಗಿ ನೋಡಿದ. ನನ್ನನ್ನು ಕಂಡ. ಕಣ್ಣು ಮಿಟುಕಿಸಿದ. ಕಲೆಗೆ ಸಿಕ್ಕ ಮೆಚ್ಚುಗೆ ಅಂದುಕೊಂಡು ನಾನು ಎರಡು ವಡೆ ಜಾಸ್ತಿ ತಿಂದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನು ಮಾಡಿದ್ದು ಮಂಗಾಟ. ಅವನು ಗೊತ್ತಿದ್ದೂ ಅದನ್ನು ಜೇಬಿಗೆ ಹಾಕಿಕೊಂಡ.

ಕಾಫಿ ಕುಯ್ಲಿಗೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ ಶೆಡ್ಡಿನ ತಗಡಿಗೆ ಕೆಂಪು ಬಣ್ಣ ಬಿತ್ತು. ಜೊತೆಗೆ ಬಂದ ಕಾಗದದಲ್ಲಿ, ‘ಸದರಿಯವರು ಸಭೆಗೆ ಖುದ್ದು ಹಾಜರಿದ್ದು, ತೆರವಿಗೆ ಮೌಖಿಕವಾಗಿ ಒಪ್ಪಿಗೆ ಸೂಚಿಸಿರುತ್ತಾರೆ’ ಎಂದಿತ್ತು. ಬದಲಿ ಜಾಗ ಆನೇಮಹಲಿನ ಆಚೆ. ಹರಿದ ಚೀಲ ಹೊತ್ತುಕೊಂಡು ಅಲ್ಲಿಯವರೆಗೆ ಯಾವ ವ್ಯಾಪಾರಿಯೂ ಹೋಗುವುದಿಲ್ಲ. ಹೊಸ ಚೀಲ ತಂದುಕೊಳ್ಳುತ್ತಾನೆ. ಅಕ್ಕನ ಕೆಲಸ ಅಲ್ಲಿಗೆ ಮುಗಿಯಿತು.

ಹೋಗಿ ಅವಳ ಮುಂದೆ ಎಲ್ಲ ಒದರಿದೆ. ಬೈಯುತ್ತಾಳೆ, ದಬ್ಬಣದಲ್ಲಿ ಚುಚ್ಚುತ್ತಾಳೆ ಅಂತ ಸಿದ್ಧನಾಗಿದ್ದೆ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

“ಅಷ್ಟ್ ಚೆನ್ನಾಗ್ ಬತ್ತದೇನೋ ನನ್ ದನಿ? ಎಲ್ಲಿ, ಒಂದ್ಸಲ ಆಡು, ಕೇಳನ.”

ಕರ್ಚೀಫನ್ನು ಜೇಬಿನ ತಳಕ್ಕೆ ತುರುಕಿಕೊಂಡು, ಹರಡಿದ್ದ ಚೀಲಗಳನ್ನು ಅವಳ ಕೈಗೆಟುಕುವ ಹಾಗೆ ಒಟ್ಟಿ ಬಂದೆ.

ಮಾರನೆಯ ದಿನ ಪುರಸಭೆ ಆಫೀಸಿಗೆ ಹೋಗಿ, ಆ ಸಭೆಯಲ್ಲಿ ಒಪ್ಪಿದ್ದು ಅಕ್ಕ ಅಲ್ಲ, ನಾನು, ತಿದ್ದಿ ಅಂದೆ. ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ಬರೆದದ್ದನ್ನು ಅಳಿಸಲು ಬರುವುದಿಲ್ಲವಂತೆ. ಅದಿರಲಿ, ನಮ್ಮ ಸಾಹೇಬರ ದನಿ ಮಾಡು ಅಂದ. ನಾಚಿಕೆಗೆಟ್ಟವನು ನಾನು, ಮಾಡಿದೆ. ನಾಲ್ಕು ಜನ ಸೇರಿದರು, ಟೀ ಬಂತು. ಬೀದಿಗೆ ಬಂದ ಮೇಲೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು. ಒಬ್ಬಳ ಅನ್ನದ ವಿಷಯ ಹೇಳಲು ಹೋಗಿ ಐಟಂ ಕೊಟ್ಟು ಬಂದಿದ್ದೆ. ಅವರಿಗೂ ಬೇಕಾಗಿದ್ದದ್ದು ಅಷ್ಟೇ.

ಆ ಸಿಟ್ಟಿನಲ್ಲೇ ಮನೆಮನೆ ತಿರುಗಿದೆ, ಸ್ವಂತ ದನಿಯಲ್ಲಿ. ಮೇಷ್ಟ್ರು ಕೆಮ್ಮುತ್ತಲೇ ಉಗಿದರು. ಬೇಕರಿಯವನು ತೊದಲದೆ ಬೈದ. ಬೈದವರೆಲ್ಲ, ಮತ್ತೆ ಸಭೆ ಕರೆಯಿರಿ ಅನ್ನುವ ನನ್ನ ಅರ್ಜಿಗೆ ಸಹಿ ಹಾಕಿದರು. ಮತ್ತೆ ಸಭೆ ಕರೆಯಲೇಬೇಕಾಯಿತು, ಈ ಸಲ ಆಫೀಸಿನ ಸಾಹೇಬರೇ ಬಂದರು.

ಮೆಂಬರ್ ಗಂಡ ಹಳೇ ಸಭೆಯ ನಡಾವಳಿಯನ್ನು ಮಂತ್ರದ ಹಾಗೆ ಓದಿದ. ನಾನು ಎದ್ದು ನಿಂತು ತಪ್ಪೊಪ್ಪಿಕೊಂಡರೆ, ಈ ಹುಡುಗ ಯಾವಾಗ ಯಾರ ದನೀಲಿ ಮಾತಾಡ್ತಾನೋ ಯಾರಿಗೆ ಗೊತ್ತು ಅಂದು ಎಲ್ಲರನ್ನೂ ನಗಿಸಿದ. ನನ್ನ ಜನವೇ ನಕ್ಕಿತು. ಆಮೇಲೆ ಅಕ್ಕನ ಕಡೆ ತಿರುಗಿ, “ನೀನ್ ಬಾಯಿಬಿಟ್ಟು ಒಪ್ಕಂಡಿದ್ದು ಬುಕ್ಕಲ್ಲೈತೆ ಕಣಕ್ಕ. ಈಗ ಉಲ್ಟಾ ಹೊಡುದ್ರೆ ಹೆಂಗೆ?” ಅಂದ.

ಅಕ್ಕ ಎದ್ದಳು. ಅವಳು ಹೇಳಿದ ಮೇಲೆ ಯಾರೂ ನಗಲಿಲ್ಲ. ಸಾಹೇಬರು ನಡಾವಳಿ ತರಿಸಿಕೊಂಡು, ಅಧ್ಯಕ್ಷತೆಯ ಕೆಳಗೆ ಯಾರ ರುಜು ಇದೆ ಅಂತ ಬೆರಳಿಟ್ಟು ನೋಡಿ, ಪುಸ್ತಕ ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದರು. ಫುಡ್ ಕೋರ್ಟಿನ ಮಾತು ಆಮೇಲೆ ಯಾರೂ ಎತ್ತಿಲ್ಲ, ಅಕ್ಕ ಅಲ್ಲೇ ಚೀಲ ಕೊಡವುತ್ತಿದ್ದಾಳೆ. ಹಲ್ಲಿನಿಂದ ಹುರಿ ತೆಗೆದು ಅವಳು ಹೇಳಿದ್ದು ಇಷ್ಟು:

“ನಾನ್ ಓಟ್ ಹಾಕಿದ್ದು ನಿಮ್ಮನೆಯೋರಿಗೆ ಕಣಪ್ಪ, ಆಯಮ್ಮನ ದನಿ ಹೆಂಗೈತೆ ಅಂತ ಇವತ್ತಿನ್ ಗಂಟ ಈ ವಾರ್ಡಲ್ಲಿ ಒಬ್ರೂ ಕೇಳಿಲ್ಲ. ಅವ್ರನ್ನ ಕರ್ಕಂಬಾ, ಅವ್ರ್ ಬಾಯಲ್ಲಿ ಕೇಳ್ಸು, ಆಗ ನನ್ ಬಾಯಲ್ಲಿ ಹೇಳ್ತೀನಿ.”